ಅನುದಾನ ಬಂದಿಲ್ಲ, ಸಾಹೇಬರು ಬಂದಿದ್ದಾರೆ

ಸರಕಾರಿ ಶಾಲೆಯಲ್ಲಿ ಕೆಲಸ ಮಾಡುವವರು ನಗೆಯ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವು ಸುತ್ತೋಲೆಯ ವೇಷದಲ್ಲಿ ತಾವೇ ಬಂದು ಮೇಜಿನ ಮೇಲೆ ಕೂರುತ್ತವೆ. ನನಗೂ ಮೊದಲು ಬರುವುದು ಸಿಟ್ಟೇ. ಆದರೆ ಸಿಟ್ಟು ಮಾಡಿಕೊಂಡು ಯಾರ ಮೇಲೆ ಎಗರುವುದು? ಸುತ್ತೋಲೆಗೆ ಕೆನ್ನೆ ಇರುವುದಿಲ್ಲ. ಹಾಗಾಗಿ ನಗುವುದನ್ನು ಕಲಿತೆ.

ನನ್ನ ಮನೆ ಡೊಂಬಿವಲಿ. ಬೆಳಿಗ್ಗೆ ಕಸಾರಾ ಲೋಕಲ್ ರೈಲು ಹಿಡಿದು ಶಹಾಡ್‌ನಲ್ಲಿ ಇಳಿದು, ಅಲ್ಲಿಂದ ಶೇರ್ ಜೀಪಿನಲ್ಲಿ ಮುಕ್ಕಾಲು ಗಂಟೆ ಕುಲುಕಾಡಿ, ಕೊನೆಗೆ ಗದ್ದೆಯ ಬದುವಿನ ಮೇಲೆ ನಡೆದರೆ ನನ್ನ ಶಾಲೆ. ಒಂದರಿಂದ ನಾಲ್ಕನೇ ಕ್ಲಾಸು, ಇಲ್ಲಿಯ ಮಾತಿನಲ್ಲಿ ಇಯತ್ತೆ; ಎರಡು ಕೋಣೆ, ಇಪ್ಪತ್ತೇಳು ಮಕ್ಕಳು, ಇಬ್ಬರು ಶಿಕ್ಷಕರು. ಒಬ್ಬರು ಹೆಡ್‌ಮಾಸ್ತರು, ಅವರನ್ನು ಊರೆಲ್ಲ ‘ಗುರೂಜಿ’ ಅನ್ನುತ್ತದೆ. ಬೆಕ್ಕು ಅಡ್ಡ ಬಂದರೂ ಅದರ ಅನುಮತಿ ಕೇಳಿ ಮುಂದೆ ಹೋಗುವಷ್ಟು ಅಂಜುಬುರುಕ ಮನುಷ್ಯ. ಇನ್ನೊಬ್ಬಳು ನಾನು. ಮರಾಠಿ ಹಳ್ಳಿಗಳಲ್ಲಿ ಟೀಚರಮ್ಮನನ್ನು ‘ಬಾಯಿ’ ಅಂತ ಕರೆಯುತ್ತಾರೆ, ನಾನೂ ಬಾಯಿ. ಹೆಸರಿಗೆ ತಕ್ಕಂತೆ ನನಗೆ ಬಾಯಿಯೂ ಸ್ವಲ್ಪ ಜಾಸ್ತಿ. ಇನ್ನು ಮಧ್ಯಾಹ್ನದ ಊಟ ಬೇಯಿಸುವವಳು ಮಾವಶಿ, ಅಂದರೆ ಚಿಕ್ಕಮ್ಮ. ಆ ಶಾಲೆಯಲ್ಲಿ ನಿಜವಾಗಿ ಧೈರ್ಯ ಇರುವುದು ಅವಳೊಬ್ಬಳಿಗೇ.

ಇವರೆಲ್ಲ ಮಾತಾಡುವುದು ಮರಾಠಿ. ನಮ್ಮ ತಂದೆ ತಾಯಿ ವಿಜಾಪುರದವರಾದ್ದರಿಂದ, ಆ ಮಾತುಗಳು ನನ್ನ ತಲೆಯಲ್ಲಿ ಉಳಿಯುವುದು ವಿಜಾಪುರದ ಕನ್ನಡದಲ್ಲಿ. ಇಲ್ಲಿಯೂ ಹಾಗೇ ಬರೆದಿದ್ದೇನೆ. ಸಾಹೇಬರ ಮಾತು ಮಾತ್ರ ನನಗೆ ಯಾವಾಗಲೂ ಪುಸ್ತಕದ ಭಾಷೆಯಲ್ಲೇ ಕೇಳಿಸುತ್ತದೆ. ಅವರು ತಾಲೂಕಿನ ಶಿಕ್ಷಣ ಕಚೇರಿಯವರು. ಅನುದಾನ ಬರಬೇಕಾದಾಗೆಲ್ಲ ಅದರ ಬದಲು ಬರುವವರು.

ಟಿವಿಯಲ್ಲಿ ಏನು ಬರುತ್ತದೆ

ಒಂದು ವರ್ಷ ನಮ್ಮ ಶಾಲೆ ‘ಡಿಜಿಟಲ್’ ಆಯಿತು. ಗೋಡೆಯಗಲದ ಟಿವಿ ಬಂತು. ರಿಬ್ಬನ್ ಕತ್ತರಿಸಿದರು, ತೆಂಗಿನಕಾಯಿ ಒಡೆದರು, ಫೋಟೋ ತೆಗೆದರು. ಅದಾಗಿ ಕೆಲವು ತಿಂಗಳಿಗೆ ಶಾಲೆಯ ವಾರ್ಷಿಕ ಅನುದಾನ ಅರ್ಧಕ್ಕಿಳಿಯಿತು, ಮರುವರ್ಷ ಬರಲೇ ಇಲ್ಲ. ಕರೆಂಟ್ ಬಿಲ್ಲು ಕಟ್ಟಬೇಕಾದದ್ದು ಅದೇ ದುಡ್ಡಿನಿಂದ. ವಿದ್ಯುತ್ತಿನವರು ಬಂದು ತಂತಿ ಕತ್ತರಿಸಿ ಹೋದರು. ಅವರು ಫೋಟೋ ತೆಗೆಯಲಿಲ್ಲ.

ಟಿವಿ ಕಪ್ಪಗೆ ಗೋಡೆಯ ಮೇಲೆ ಉಳಿಯಿತು. ಬೇಸಿಗೆಯಲ್ಲಿ ಫ್ಯಾನಿಲ್ಲದೆ ಮಕ್ಕಳು ಬೆವರಿ ಬೆವರಿ ಪಾಟಿಯ ಮೇಲೆ ಬರೆದದ್ದೆಲ್ಲ ಅಳಿಸಿಹೋಗುತ್ತಿತ್ತು. ಆದರೆ ಹುಡುಗಿಯರು ಟಿವಿಗೆ ಒಂದು ಉಪಯೋಗ ಕಂಡುಹಿಡಿದರು. ಅದರ ಗಾಜಿನಲ್ಲಿ ಮುಖ ಚೆನ್ನಾಗಿ ಕಾಣುತ್ತದೆ. ಪ್ರಾರ್ಥನೆಗೆ ಮೊದಲು ಅದರ ಮುಂದೆ ಸಾಲು ನಿಲ್ಲುತ್ತಿತ್ತು. ಎರಡು ಜಡೆಯವರು ಒಂದು ಕಡೆ, ಒಂದು ಜಡೆಯವರು ಇನ್ನೊಂದು ಕಡೆ.

ಸಾಹೇಬರು ತಪಾಸಣೆಗೆ ಬಂದರು. ಟಿವಿ ನೋಡಿ ಅವರ ಮುಖ ಅರಳಿತು. ಎರಡನೇ ಇಯತ್ತೆಯ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿದರು.

“ಮಗೂ, ಈ ಟಿವಿ ಪ್ರತಿದಿನ ನೋಡುತ್ತೀರಾ?”

“ದಿನಾ ನೋಡ್ತೇವ್ರಿ.”

“ಭೇಷ್! ಏನು ಬರುತ್ತದೆ ಅದರಲ್ಲಿ?”

“ನಾವಽ ಬರ್ತೇವ್ರಿ!”

ಇಡೀ ಕ್ಲಾಸು ‘ಹೌದ್ರಿ, ಹೌದ್ರಿ’ ಅಂತ ಸಾಕ್ಷಿ ಹೇಳಿತು. ಸಾಹೇಬರು ಅರ್ಥವಾಗದೆ ಗುರೂಜಿಯತ್ತ ನೋಡಿದರು. ಗುರೂಜಿ ಬೆವರುತ್ತ, ಕರೆಂಟ್ ಕತ್ತರಿಸಿ ಹದಿನಾಲ್ಕು ತಿಂಗಳಾಯಿತು, ಏಳು ಅರ್ಜಿ ಕೊಟ್ಟಿದ್ದೇನೆ ಅಂತ ಹೇಳಿದರು. ಸಾಹೇಬರು ಬಹಳ ಹೊತ್ತು ಪೆನ್ನಿನ ತುದಿ ಕಚ್ಚಿದರು. ಆಮೇಲೆ ತಪಾಸಣೆಯ ಹಾಳೆಯಲ್ಲಿ ಏನೋ ಬರೆದು ಸಹಿ ಮಾಡಿ ಹೊರಟುಹೋದರು.

ನಾನು ಇಣುಕಿ ನೋಡಿದೆ. ‘ವಿದ್ಯುತ್ ಉಳಿತಾಯ: ಅತ್ಯುತ್ತಮ.’

ಎಲ್ಲರಿಗೂ ಒಂದೇ ಅಳತೆ

ಮೊದಲು ಮಕ್ಕಳಿಗೆ ವರ್ಷಕ್ಕೆ ಎರಡು ಜೊತೆ ಸಮವಸ್ತ್ರದ ದುಡ್ಡು ಬರುತ್ತಿತ್ತು. ಪಕ್ಕದ ಊರಿನ ದರ್ಜಿ ಟೇಪು ಕುತ್ತಿಗೆಗೆ ಹಾಕಿಕೊಂಡು ಬಂದು ಅಳತೆ ತೆಗೆಯುತ್ತಿದ್ದ. ಅವನಿಗೂ ಎರಡು ತಿಂಗಳ ಕೆಲಸ, ಮಕ್ಕಳಿಗೂ ಮೈಗೆ ಸರಿಯಾಗುವ ಬಟ್ಟೆ. ಇದರಲ್ಲಿ ಯಾರಿಗೂ ತೊಂದರೆ ಇರಲಿಲ್ಲವಾದ್ದರಿಂದ ಅದನ್ನು ನಿಲ್ಲಿಸಿದರು. ಖರ್ಚು ಉಳಿಸಲು ಇನ್ನು ಮೇಲೆ ಒಂದೇ ಜೊತೆ, ಅದನ್ನೂ ಎಲ್ಲೋ ದೂರದಲ್ಲಿ ಒಟ್ಟಿಗೆ ಹೊಲಿಸಿ ಕಳಿಸುತ್ತೇವೆ ಅಂದರು.

ಜೂನ್‌ನಲ್ಲಿ ಬರಬೇಕಾದದ್ದು ದೀಪಾವಳಿ ಮುಗಿದ ಮೇಲೆ ಬಂತು. ಮೂಟೆ ಬಿಚ್ಚಿದೆವು. ಇಪ್ಪತ್ತೇಳು ಅಂಗಿಗಳೂ ಒಂದೇ ಅಳತೆ. ಒಂದನೇ ಇಯತ್ತೆಯ ಹುಡುಗ ಅದನ್ನು ಹಾಕಿಕೊಂಡು ತೋಳು ಎತ್ತಿ ನಿಂತಾಗ, ಒಳಗೆ ಇನ್ನಿಬ್ಬರು ಆರಾಮವಾಗಿ ಬಾಡಿಗೆಗೆ ಇರಬಹುದಿತ್ತು. ವಾಪಸ್ ಕಳಿಸೋಣ ಅಂದರೆ ಕಚೇರಿಯಿಂದ ಉತ್ತರ ಬಂತು: “ಮಕ್ಕಳು ಬೆಳೆಯುತ್ತಾರೆ.”

ಬೆಳೆಯುತ್ತಾರೆ, ನಿಜ. ಏನು ತಿಂದು ಅಂತ ಕೇಳಬೇಕೆಂದಿದ್ದೆ. ಗುರೂಜಿ ನನ್ನ ಸೆರಗು ಹಿಡಿದೆಳೆಯುವುದೊಂದು ಬಾಕಿ, ಅಷ್ಟು ಗಾಬರಿಯಿಂದ ಕೈ ಮುಗಿದರು. ಅಂಗಿಗಳಿಗೆ ಬೆನ್ನ ಹಿಂದೆ ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿ, ಮಕ್ಕಳನ್ನು ನಿಲ್ಲಿಸಿ, ಮುಂದಿನಿಂದ ಫೋಟೋ ತೆಗೆದು ಕಳಿಸಿದೆವು. ‘ಸುಂದರ’ ಅಂತ ಮೆಸೇಜು ಬಂತು.

ಮನೆಗೆ ಹೋದ ಅಂಗಿಗಳನ್ನು ಊರವರು ಹಾಳು ಮಾಡಲಿಲ್ಲ. ಮುಂದಿನ ಸಲ ಸಾಹೇಬರು ಬಂದಾಗ, ಊರ ಬಾಗಿಲಲ್ಲೇ ಒಬ್ಬ ಮುದುಕ ಎಮ್ಮೆ ಮೇಯಿಸುತ್ತಿದ್ದ. ಸೊಂಟಕ್ಕೆ ಪಂಚೆ, ಮೇಲೆ ಶಾಲೆಯ ಬಿಲ್ಲೆ ಇರುವ ನೀಲಿ ಅಂಗಿ. ಅಳತೆ ತೆಗೆದು ಹೊಲಿಸಿದಂತೆ ಕೂತಿತ್ತು. ಸಾಹೇಬರು ಗಾಡಿ ನಿಲ್ಲಿಸಿದರು.

“ಅಜ್ಜ, ಇದು ಶಾಲೆಯ ಸಮವಸ್ತ್ರ ಅಲ್ಲವೇ? ನೀನು ಹೇಗೆ ಹಾಕಿಕೊಂಡೆ?”

ಅಜ್ಜ ಎಮ್ಮೆಯ ಹಗ್ಗ ಬಿಡದೆ ನಮಸ್ಕಾರ ಮಾಡಿದ.

“ನಾ ಇದಽ ಶಾಲಿಯೊಳಗ ಎರಡನೇತ್ತೆ ತನಕ ಕಲ್ತೇನ್ರಿ, ಸಾಹೇಬ್ರ. ಶಾಲಿ ಬಿಟ್ಟು ಐವತ್ತು ವರ್ಷ ಆತು. ಅಂಗಿ ಈಗ ಬಂತ್ರಿ.”

ಲೋಕಸಹಭಾಗ

ವಾರಕ್ಕೊಂದು ಮೊಟ್ಟೆ ಕೊಡುತ್ತಿದ್ದರು. ಆ ದಿನ ಹಾಜರಿ ತುಂಬುತ್ತಿತ್ತು. ಒಂದು ದಿನ ಸುತ್ತೋಲೆ ಬಂತು: ಮೊಟ್ಟೆಗೆ ಇನ್ನು ಮುಂದೆ ಪ್ರತ್ಯೇಕ ಅನುದಾನ ಇರುವುದಿಲ್ಲ, ಶಾಲೆಗಳು ಲೋಕಸಹಭಾಗದಿಂದ ವ್ಯವಸ್ಥೆ ಮಾಡಿಕೊಳ್ಳಬಹುದು. ಲೋಕಸಹಭಾಗ ಅಂದರೆ ಊರವರೇ ಕೈಯಿಂದ ಹಾಕುವುದು. ಸರಕಾರ ಯಾವುದಾದರೂ ಹೊರೆ ಕೆಳಗಿಳಿಸಿದಾಗ ಅದಕ್ಕೊಂದು ಚಂದದ ಹೆಸರು ಕೊಡುತ್ತದೆ.

ಗುರೂಜಿ ಮತ್ತು ನಾನು ಮನೆಮನೆಗೆ ಹೋದೆವು. ದಿನಗೂಲಿಯ ಮನೆಗಳು. ತಮ್ಮ ಮಕ್ಕಳಿಗೇ ಮೊಟ್ಟೆ ಕೊಡಲಾಗದವರು ಶಾಲೆಯ ಮಕ್ಕಳಿಗೆ ಕೊಡಬೇಕಂತೆ. ಎರಡೂ ಅವೇ ಮಕ್ಕಳು ಎನ್ನುವುದು ಸುತ್ತೋಲೆ ಬರೆದವರಿಗೆ ಹೊಳೆದಿರಲಿಕ್ಕಿಲ್ಲ. ಕೊನೆಯ ಮನೆಯ ತಾಯಿಯೊಬ್ಬಳು ಒಳಗೆ ಹೋಗಿ, ಒಂದು ಕಂದು ಕೋಳಿಯನ್ನು ರೆಕ್ಕೆ ಹಿಡಿದು ತಂದು ಗುರೂಜಿಯ ಕೈಗಿಟ್ಟಳು.

“ವಾರಾ ವಾರಾ ತತ್ತಿ ಕೊಡೂದು ನನ್ನ ಕೈಲಿ ಆಗೂದಿಲ್ರಿ. ತತ್ತಿ ಕೊಡೂದನ್ನಽ ತಗೊಂಡ್ ಹೋಗ್ರಿ.”

ಹೀಗೆ ಶಾಲೆಗೆ ಕೋಳಿ ಬಂತು. ಒಂದು ಕೋಳಿ, ಇಪ್ಪತ್ತೇಳು ಮಕ್ಕಳು. ಮಾವಶಿ ಹಾಜರಿ ನಂಬರಿನ ಪ್ರಕಾರ ಪಾಳಿ ಹಚ್ಚಿದಳು. ಕೋಳಿ ಮೊಟ್ಟೆ ಇಟ್ಟ ದಿನ ಯಾರ ಪಾಳಿಯೋ ಅವರದು. ಒಂದು ಮುಂಜಾನೆ ಹನ್ನೊಂದನೇ ನಂಬರಿನ ಹುಡುಗಿ ಕಂಬಳಿ ಹೊದ್ದು ನಡುಗುತ್ತ ಬಂದಳು. ಮೈ ಕಾದ ಹಂಚು. “ಜ್ವರದಾಗ ಯಾಕ ಬಂದಿ?” ಅಂತ ಗದರಿದೆ. “ಇವತ್ತು ನಂದೈತ್ರಿ ಬಾಯಿ,” ಅಂದಳು. ಮೊಟ್ಟೆ ಬೇಯಿಸಿ ಕೊಟ್ಟೆವು. ಅರ್ಧ ತಿಂದು ಅರ್ಧವನ್ನು ತಮ್ಮನಿಗೆಂದು ಮುಷ್ಟಿಯಲ್ಲಿಟ್ಟುಕೊಂಡಳು. ಅವತ್ತು ನನಗೆ ನಗು ಬರಲಿಲ್ಲ. ಈಗಲೂ ಬರುವುದಿಲ್ಲ.

ಆ ವಾರವೇ ಸಾಹೇಬರು ಬಂದರು. ಕೋಳಿ ಅವರ ಕಾಲಿನ ಮುಂದೆಯೇ ಹಾದು, ಗುರೂಜಿಯ ಕುರ್ಚಿಯ ಕೆಳಗೆ ತನ್ನ ಜಾಗದಲ್ಲಿ ಕೂತಿತು.

“ಶಾಲೆಯಲ್ಲಿ ಕೋಳಿ! ಇದೇನಿದು?”

ಗುರೂಜಿ ಎದ್ದು ನಿಂತರು. “ಸರ್, ಇದು... ಇದು ಲೋಕಸಹಭಾಗ, ಸರ್.”

ಸಾಹೇಬರು ಕೋಳಿಯನ್ನು ನೋಡಿದರು. ಕೋಳಿಯೂ ಸಾಹೇಬರನ್ನು ನೋಡಿತು. “ಹಾಗಿದ್ದರೆ ದಾನಿಗಳ ಮಾಹಿತಿ ಕಂಪ್ಯೂಟರಿನಲ್ಲಿ ತುಂಬಿಲ್ಲ ಏಕೆ? ಹೆಸರು, ವಿಳಾಸ, ಗುರುತಿನ ಪುರಾವೆ ಎಲ್ಲ ಬೇಕು.”

ಅಡುಗೆಕೋಣೆಯಿಂದ ಮಾವಶಿ ಸೌಟು ಹಿಡಿದೇ ಹೊರಗೆ ಬಂದಳು.

“ಹೆಸರು ಬರ್ಕೋರಿ ಸಾಹೇಬ್ರ, ಕೆಂಪಿ. ವಿಳಾಸ, ಗುರೂಜಿ ಕುರ್ಚಿ ಬುಡಕ. ಆಧಾರ್ ಕಾರ್ಡ್ ಮಾತ್ರ ಇನ್ನೂ ಆಗಿಲ್ರಿ, ಹೆಬ್ಬಟ್ಟು ಸರಿ ಕೂಡವಲ್ದು.”

ಸಮತೋಲ ಆಹಾರ

ಪರೀಕ್ಷೆಯ ಪ್ರಶ್ನೆಪತ್ರಿಕೆ, ಉತ್ತರದ ಹಾಳೆ ಯಾವುದಕ್ಕೂ ದುಡ್ಡಿಲ್ಲ ಅಂತಾಯಿತು. ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆಯಬಹುದು. ಉತ್ತರವನ್ನು ಎಲ್ಲಿ ಬರೆಸುವುದು? ಮನೆಯಲ್ಲಿ ಈ ರಾಮಾಯಣ ಹೇಳಿಕೊಂಡು ಕೂಗಾಡಿದೆ.

ನಮ್ಮ ಯಜಮಾನರು ಕುಂದಾಪುರದ ಕಡೆಯವರು, ಕಲ್ಯಾಣದಲ್ಲಿ ಒಂದು ಹೋಟೆಲಿನ ಮ್ಯಾನೇಜರು. ಯಾವುದಕ್ಕೂ ದನಿ ಏರಿಸುವವರಲ್ಲ. “ಎಂತಕ್ಕೆ ಬೊಬ್ಬೆ ಹೊಡಿತಿ ಮಾರಾಯ್ತಿ? ರೇಟು ಬದಲಾದದ್ದಕ್ಕೆ ಹಳೇ ಮೆನು ಹಾಳೆ ರಾಶಿ ಬಿದ್ದಿತ್ತು. ಹಿಂದಿನ ಬದಿ ಫುಲ್ ಖಾಲಿ. ಕೊಂಡ್ಹೋಗು,” ಅಂದರು.

ಮಗಳು ಆ ಕಟ್ಟು ನೋಡಿ, “ಮಮ್ಮಿ, ಗೌರ್ಮೆಂಟ್ ಕೀ ಎಕ್ಸಾಮ್ ಹೋಟೆಲ್ ಕೇ ಮೆನು ಪೇ?” ಅಂತ ಬಿದ್ದು ಬಿದ್ದು ನಕ್ಕಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲೇ. ನಾನು ಕಟ್ಟನ್ನು ಚೀಲಕ್ಕೆ ತುಂಬಿಕೊಂಡು ಲೋಕಲ್ ಹತ್ತಿದೆ.

ಪರೀಕ್ಷೆ ನಡೆಯಿತು. ಮಕ್ಕಳಿಗೆ ಹಾಳೆಯ ಹಿಂಬದಿ ಬರೆಯಲು, ಮುಂಬದಿ ಓದಲು. ಪುಸ್ತಕ ಓದಿ ಅಂದರೆ ಆಕಳಿಸುವವರು ಮೆನುವನ್ನು ಅಕ್ಷರ ಬಿಡದೆ ಓದಿದರು. ನಾಲ್ಕನೇ ಇಯತ್ತೆಯ ಒಬ್ಬ ಕೈ ಎತ್ತಿ, “ಬಾಯಿ, ರವಾ ಮಸಾಲಾ ಅಂದ್ರ ಹಣ್ಣೇನ್ರಿ, ಪಲ್ಯಾ ಏನ್ರಿ?” ಅಂದ. ಕಲ್ಯಾಣ ಅಲ್ಲಿಂದ ಎರಡು ಗಂಟೆ ದೂರವೂ ಇಲ್ಲ. ‘ಆಮೇಲೆ ಹೇಳ್ತೇನಿ, ಬರಿ’ ಅಂದೆ.

ಸಂಜೆ ಮನೆಯಲ್ಲಿ ಉತ್ತರ ತಿದ್ದುತ್ತ ಕೂತಿದ್ದೆ. ಯಜಮಾನರು ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದರು. ಪ್ರಶ್ನೆ: ಸಮತೋಲ ಆಹಾರದಲ್ಲಿ ಏನೇನು ಇರಬೇಕು? ಆ ಹುಡುಗನ ಉತ್ತರ: ‘ಸಮತೋಲ ಆಹಾರದಲ್ಲಿ ಇಡ್ಲಿ, ಮೆದುವಡಾ, ರವಾ ಮಸಾಲಾ, ಟೊಮೆಟೊ ಉತ್ತಪ್ಪಾ ಇರಬೇಕು. ರೈಸ್ ಪ್ಲೇಟು ಮಧ್ಯಾಹ್ನ ಹನ್ನೆರಡರಿಂದ ಮೂರು ಗಂಟೆಯವರೆಗೆ ಮಾತ್ರ ಇರಬೇಕು. ಒಂದು ಪ್ಲೇಟನ್ನು ಇಬ್ಬರು ಹಂಚಿಕೊಳ್ಳಬಾರದು.’

ಯಜಮಾನರು ಹಾಳೆ ಕಸಿದು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು.

“ಫುಲ್ ಮಾರ್ಕ್ ಕೊಡು ಮಾರಾಯ್ತಿ. ನನ್ನ ವೇಟರುಗಳಿಗೇ ಇಷ್ಟು ಬಾಯಿಪಾಠ ಇಲ್ಲ.”

ಮುಂದಿನ ಶನಿವಾರ ಅವರೇ ಒಂದು ದೊಡ್ಡ ಡಬ್ಬಿ ಹಿಟ್ಟು, ಕಾವಲಿ, ಚಟ್ನಿ ಹೊತ್ತು ನನ್ನ ಜೊತೆ ಜೀಪು ಹತ್ತಿದರು. ಶಾಲೆಯ ಅಂಗಳದಲ್ಲಿ ಕಟ್ಟಿಗೆ ಒಲೆ ಹೂಡಿ ರವಾ ಮಸಾಲಾ ದೋಸೆ ಹುಯ್ದರು. ಪ್ರಶ್ನೆ ಕೇಳಿದ್ದ ಹುಡುಗ ಮೊದಲ ತುಂಡು ಬಾಯಿಗಿಟ್ಟು, ಬಹಳ ಹೊತ್ತು ಯೋಚಿಸಿ, “ಇದು ಹಣ್ಣೂ ಅಲ್ರಿ, ಪಲ್ಯಾನೂ ಅಲ್ರಿ. ಇನ್ನೊಂದು ಕೊಟ್ರ ಹೇಳ್ತೇನ್ರಿ,” ಅಂದ.

ಹದಿನೈದು ದಿನದ ಗಡುವು

ನಮ್ಮ ಶಾಲೆಯ ಊರಿನಲ್ಲಿ ಮಳೆಗಾಲ ಮುಗಿದು ಭತ್ತ ಕೊಯ್ದ ಮೇಲೆ ಕೆಲಸವಿಲ್ಲ. ಬಹಳ ಮನೆಗಳ ಗಂಡ ಹೆಂಡತಿ ಇಟ್ಟಿಗೆ ಭಟ್ಟಿಗೆ ಹೋಗುತ್ತಾರೆ, ಮಳೆ ಬರುವ ತನಕ ಅಲ್ಲೇ ಜೋಪಡಿ. ಹಾಗೆ ಹೋದವರ ಮಕ್ಕಳು ಅಜ್ಜಿಯ ಹತ್ತಿರ ಊರಲ್ಲೇ ಉಳಿದು ಶಾಲೆ ಕಲಿಯಲಿ ಅಂತ ಒಂದು ಒಳ್ಳೆಯ ಯೋಜನೆ ಇತ್ತು. ಮಾವಶಿ ಶಾಲೆಯಲ್ಲಿ ಅವರಿಗೆ ಸಂಜೆಯೂ ಊಟ ಹಾಕುತ್ತಿದ್ದಳು. ಆ ಅನುದಾನ ನಿಂತಿತು. ಅಜ್ಜಿಯರಿಗೆ ಎರಡು ಹೊತ್ತು ಬೇಯಿಸಿ ಹಾಕುವ ಶಕ್ತಿ ಇಲ್ಲ. ತಾಯಂದಿರು ಮಕ್ಕಳ ಕೈ ಹಿಡಿದುಕೊಂಡೇ ಭಟ್ಟಿಗೆ ಹೋದರು. ಒಂದೇ ವಾರದಲ್ಲಿ ಎಂಟು ಮಕ್ಕಳು ಖಾಲಿ. ಉಳಿದವರು ಹತ್ತೊಂಬತ್ತು.

ಒಂದು ದಿನ ಜೀಪಿನ ಕಿಟಕಿಯಿಂದ ರಸ್ತೆ ಬದಿಯ ಭಟ್ಟಿಯಲ್ಲಿ ನಮ್ಮ ಮೂರನೇ ಇಯತ್ತೆಯ ಹುಡುಗಿ ಕಂಡಳು. ಮಗ್ಗಿಯಲ್ಲಿ ಇಡೀ ಶಾಲೆಗೇ ಮೊದಲಿಗಳು. ಜೀಪು ನಿಲ್ಲಿಸಿ ಇಳಿದೆ. ಸೊಂಟದ ಮೇಲೆ ಪುಟ್ಟ ತಂಗಿ, ಕೈಯಲ್ಲಿ ಹಸಿ ಇಟ್ಟಿಗೆ. ಓಡಿ ಬಂದು ಕೇಳಿದ್ದು ಒಂದೇ ಮಾತು: “ಬಾಯಿ, ನನ್ನ ಹಾಜರಿ ಹಾಕೀರೇನ್ರಿ?” ಹಾಕೀನಿ ಅಂದೆ. ಸುಳ್ಳು. ನನ್ನ ನೌಕರಿಯಲ್ಲಿ ಮಕ್ಕಳಿಗೆ ಹೇಳಿದ ಸುಳ್ಳುಗಳಲ್ಲಿ ಅದೊಂದನ್ನು ಇವತ್ತಿಗೂ ಮರೆಯಲಾಗಿಲ್ಲ.

ಕಚೇರಿ ಏನು ಮಾಡಿತು? ಮಕ್ಕಳು ಯಾಕೆ ಹೋದರು ಅಂತ ಕೇಳಲಿಲ್ಲ. ಇಪ್ಪತ್ತಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆ ಎಂದು ನಮ್ಮನ್ನು ಇನ್ನೊಂದು ಪಟ್ಟಿಗೆ ಸೇರಿಸಿತು. ಸಾಹೇಬರು ಬಂದು ಕಟ್ಟುನಿಟ್ಟಾಗಿ ಹೇಳಿದರು: “ಗುರೂಜಿ, ನಿಮಗೆ ಹದಿನೈದು ದಿನದ ಗಡುವು. ಅಷ್ಟರೊಳಗೆ ಊರಿನಲ್ಲಿ ಮಕ್ಕಳ ಸಂಖ್ಯೆ ಹೆಚ್ಚಿಸಬೇಕು. ಏನು ಪ್ರಯತ್ನ ಮಾಡಿದಿರಿ ಎಂದು ಫೋಟೋ ಸಹಿತ ವರದಿ ಕಳಿಸಿ.”

ಗುರೂಜಿ ಅಭ್ಯಾಸದಂತೆ “ಹೌದು ಸರ್” ಅಂದುಬಿಟ್ಟರು.

ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಮಾವಶಿ ತಲೆ ಎತ್ತಿದಳು. “ಸಾಹೇಬ್ರ, ಹದಿನೈದ್ ದಿನ ಸಾಲೂದಿಲ್ರಿ. ಒಂಬತ್ ತಿಂಗಳಂತೂ ಹಿಡೀತದ. ಅದರ ಮ್ಯಾಲ ಶಾಲಿಗೆ ಬರಾಕ ಆರ್ ವರ್ಷ. ಮತ್ತ ಫೋಟೋ ಅಂತೂ ಯಾರೂ ಕೊಡೂದಿಲ್ರಿ.”

ನೇರ ದಾರಿ

ಆಮೇಲಿನ ಜೂನ್‌ನಲ್ಲಿ ಶಾಲೆ ತೆರೆಯುವ ಹೊತ್ತಿಗೆ, ಆ ಹತ್ತೊಂಬತ್ತರ ಪಟ್ಟಿಯನ್ನೇ ಹಿಡಿದು ಆದೇಶ ಬಂತು. ನಮ್ಮ ಶಾಲೆಯನ್ನು ಪಕ್ಕದ ಊರಿನ ಶಾಲೆಯಲ್ಲಿ ವಿಲೀನ ಮಾಡುವುದು. ದೂರ ಒಂಬೈನೂರು ಮೀಟರ್. ಒಂದು ಕಿಲೋಮೀಟರಿಗಿಂತ ಕಡಿಮೆ ಇರುವುದರಿಂದ ಮಕ್ಕಳಿಗೆ ಗಾಡಿಯ ವ್ಯವಸ್ಥೆ ಇಲ್ಲ. ಕೆಳಗೆ ಸಾಹೇಬರ ಸಹಿ.

ಆ ಒಂಬೈನೂರು ಮೀಟರು ಕಂಪ್ಯೂಟರಿನ ನಕ್ಷೆಯಲ್ಲಿ ಗೆರೆ ಎಳೆದು ಅಳೆದದ್ದು. ಕಾಗೆಗೆ ಅದು ಸರಿಯಾದ ಅಳತೆ. ನಡುವೆ ಒಂದು ಹಳ್ಳ ಇದೆ. ಮಳೆಗಾಲದಲ್ಲಿ ಎಮ್ಮೆಯನ್ನೂ ಎಳೆದುಕೊಂಡು ಹೋಗುವ ಹಳ್ಳ. ರಸ್ತೆ ಹಿಡಿದು ಸೇತುವೆ ಸುತ್ತಿ ಹೋದರೆ ಆರು ಕಿಲೋಮೀಟರು. ಒಂದನೇ ಇಯತ್ತೆಯ ಮಗು ದಿನಾ ಹನ್ನೆರಡು ಕಿಲೋಮೀಟರು ನಡೆಯಬೇಕು. ಆಗ ನಡೆಯುವುದು ಮಗು ಅಲ್ಲ, ಶಾಲೆ ಬಿಡಿಸುವ ಕೆಲಸ. ಹೆಣ್ಣುಮಕ್ಕಳದು ಮೊದಲ ದಿನವೇ ನಡೆಯುತ್ತದೆ.

ಮಳೆ ಜೋರಾಗಿ ನಾಟಿ ನಡೆದ ದಿನಗಳಲ್ಲಿ ತಾಯಂದಿರ ಸಭೆ ಕರೆದೆವು. ಒಪ್ಪಿಗೆ ತೆಗೆದುಕೊಳ್ಳಲು ಸಾಹೇಬರೂ ಬಂದರು. ಅವರ ಮನೆ ಸೀವುಡ್ಸ್‌ನಲ್ಲಿ, ಸ್ಟೇಷನ್ನಿನ ಹತ್ತಿರದ ಎತ್ತರದ ಕಟ್ಟಡದಲ್ಲಿ. ಅಲ್ಲಿ ಲಿಫ್ಟು ಕೂಡ ನೇರವಾಗಿ ಹೋಗುತ್ತದೆ. “ಒಂಬೈನೂರು ಮೀಟರ್ ಎಂದರೆ ಹತ್ತು ನಿಮಿಷದ ನಡಿಗೆ. ನಾನು ದಿನಾ ಬೆಳಿಗ್ಗೆ ಅದರ ಐದು ಪಟ್ಟು ನಡೆಯುತ್ತೇನೆ,” ಅಂದರು.

ಮಾವಶಿ ಎದ್ದು ಸೆರಗು ಸಿಕ್ಕಿಸಿದಳು. “ಹಂಗಾರ ನಡೀರಿ ಸಾಹೇಬ್ರ. ನಿಮ್ಮ ಕಾಗದದಾಗ ಇದ್ದ ದಾರಿಲೇ ಹೋಗೂಣು. ನಾವೂ ಬರ್ತೇವಿ.”

ಹತ್ತು ಹದಿನೈದು ಹೆಂಗಸರು ಎದ್ದರು. ಸಾಹೇಬರಿಗೆ ಇಲ್ಲ ಅನ್ನಲಾಗಲಿಲ್ಲ. ಫೋನು ತೆಗೆದು ನಕ್ಷೆ ಹಚ್ಚಿದರು. ಮೊದಲ ನೂರು ಮೀಟರು ಚೆನ್ನಾಗಿತ್ತು. ಆಮೇಲೆ ನಾಟಿ ಮಾಡಿದ ಗದ್ದೆ. ಎರಡನೇ ಗದ್ದೆಯಲ್ಲಿ ಸಾಹೇಬರ ಕಾಲು ಮೊಣಕಾಲಿನ ತನಕ ಹೂತಿತು. ಕಾಲು ಬಂತು, ಬೂಟು ಬರಲಿಲ್ಲ. ಗುರೂಜಿ ಓಡಿಹೋಗಿ ತಮ್ಮ ಚಪ್ಪಲಿ ಬಿಚ್ಚಿ ಕೊಟ್ಟರು. ಹೇಗೋ ಹಳ್ಳದ ದಡ ಮುಟ್ಟಿದೆವು. ಕೆಂಪು ನೀರು ಭೋರ್ ಅಂತ ಹರಿಯುತ್ತಿತ್ತು. ಆಚೆ ದಡದ ಮೇಲೆ ಪಕ್ಕದ ಊರಿನ ಶಾಲೆಯ ಹೆಂಚು ಕಾಣುತ್ತಿತ್ತು.

“ಫೋನ್ ಏನ್ ಅಂತದ್ರಿ?” ಮಾವಶಿ ಕೇಳಿದಳು.

ಸಾಹೇಬರು ಸಣ್ಣ ದನಿಯಲ್ಲಿ, “ಇನ್ನೂರು ಮೀಟರ್ ನೇರ ಹೋಗಿ ಎನ್ನುತ್ತಿದೆ,” ಅಂದರು.

“ಹೋಗ್ರಿ ಮತ್ತ.”

ಅವರು ಹೋಗಲಿಲ್ಲ. ಆದರೆ ದಡದ ಮಣ್ಣಿಗೆ ಅದು ತಿಳಿಯಲಿಲ್ಲ, ಕುಸಿಯಿತು. ಸಾಹೇಬರು ಸೊಂಟದ ತನಕ ನೀರಿಗಿಳಿದು “ಅಯ್ಯೋ” ಅಂದರು. ಅವರ ಬಾಯಿಂದ ಮೊದಲ ಸಲ ಪುಸ್ತಕದ್ದಲ್ಲದ ಮಾತು ಕೇಳಿದೆ. ನಾಲ್ಕು ಹೆಂಗಸರು ಅವರನ್ನು ತೋಳು, ಬೆಲ್ಟು ಹಿಡಿದು ಮೇಲೆಳೆದರು. ನಗಬಾರದು ಅಂತ ಎಲ್ಲರೂ ತುಟಿ ಕಚ್ಚಿದ್ದರು. ನಾನು ಮಾತ್ರ ಗದ್ದೆಯ ಕಡೆ ತಿರುಗಿ ನಿಂತೆ.

ಒದ್ದೆ ಪ್ಯಾಂಟು, ಗುರೂಜಿಯ ಚಪ್ಪಲಿಯಲ್ಲೇ ಸಾಹೇಬರು ತಮ್ಮ ಗಾಡಿ ಹತ್ತಿ, ರಸ್ತೆ ಹಿಡಿದು ಸುತ್ತಿಕೊಂಡು ಆ ಶಾಲೆಯನ್ನೂ ನೋಡಿ ಹೋದರು. ಇಷ್ಟೆಲ್ಲ ಆದ ಮೇಲೆ ಆದೇಶ ಬದಲಾಗುತ್ತದೆ ಅಂದುಕೊಂಡೆವು. ಇಲ್ಲ. ವಾರದೊಳಗೆ ನೆನಪೋಲೆ ಬಂತು: ಶಾಲೆಯ ಬೀಗದ ಕೈ ಕೂಡಲೇ ಒಪ್ಪಿಸಿ. ಅದನ್ನು ಮೇಜಿನ ಮೇಲೆ ಕುಕ್ಕಿದೆ.

ಅದೇ ಲಕೋಟೆಯಲ್ಲಿ ಇನ್ನೊಂದು ಕಾಗದ ಇತ್ತು. ಸಾಹೇಬರ ಪ್ರಯಾಣ ಭತ್ಯೆಯ ಬಿಲ್ಲು. ಭೇಟಿ ಕೊಟ್ಟದ್ದು ನಿಜ ಅಂತ ಹೆಡ್‌ಮಾಸ್ತರರ ಸಹಿ, ಮೊಹರು ಬೇಕು. ಗುರೂಜಿ ಸಹಿ ಮಾಡಿದರು. ಆಮೇಲೆ ಕಾಗದ ಕೈಯಲ್ಲೇ ಹಿಡಿದು ಮತ್ತೆ ಮತ್ತೆ ಓದಿದರು. ಅವರ ಕಿವಿ ಕೆಂಪಾಯಿತು.

“ಬಾಯಿ, ಶಹಾಡ್ ಸ್ಟೇಷನ್ ಹತ್ರ ಝೆರಾಕ್ಸ್ ಅಂಗಡಿ ಐತೇನ್ರಿ?”

ಬಿಲ್ಲಿನಲ್ಲಿ ಬರೆದಿತ್ತು: ನಮ್ಮ ಶಾಲೆಯಿಂದ ಆ ಶಾಲೆಗೆ, ಆರು ಕಿಲೋಮೀಟರ್. ನಡುವೆ ಹಳ್ಳ ಇರುವುದರಿಂದ ಬೇರೆ ದಾರಿ ಇಲ್ಲ.

ಬದುಕಿನಲ್ಲಿ ಒಮ್ಮೆಯೂ ಎದುರು ಮಾತಾಡದ ಗುರೂಜಿ, ಆದೇಶದ ಪ್ರತಿ, ಬಿಲ್ಲಿನ ಪ್ರತಿ, ತಾಯಂದಿರ ಹೆಬ್ಬಟ್ಟಿನ ಅರ್ಜಿ ಮೂರನ್ನೂ ಒಂದೇ ಪಿನ್ನಿಗೆ ಚುಚ್ಚಿ ಮೇಲಿನ ಕಚೇರಿಗೆ ಕಳಿಸಿದರು. ವಿಚಾರಣೆಗೆ ಠಾಣೆ ಪಟ್ಟಣದ ಜಿಲ್ಲಾ ಕಚೇರಿಗೆ ಕರೆ ಬಂತು. ಗುರೂಜಿ, ನಾನು, ಮಾವಶಿ, ಐದಾರು ತಾಯಂದಿರು ಹೋದೆವು. ಸಾಹೇಬರು ಹೊಸ ಬೂಟು ಹಾಕಿಕೊಂಡು ಬಂದಿದ್ದರು.

ಮೇಲಿನ ಅಧಿಕಾರಿ ಒಬ್ಬರು ವಯಸ್ಸಾದ ಮೇಡಮ್ಮು. ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟು, ಕನ್ನಡಕ ಏರಿಸಿ, ಸಾಹೇಬರನ್ನು ಕೇಳಿದರು: “ಇಲ್ಲಿ ಒಂಬೈನೂರು ಮೀಟರ್. ಇಲ್ಲಿ ಆರು ಕಿಲೋಮೀಟರ್. ಎರಡಕ್ಕೂ ಸಹಿ ನಿಮ್ಮದೇ. ಯಾವುದು ಸುಳ್ಳು?”

ಶಾಲೆ ಹತ್ತಿರ ಅಂದರೆ ಬಿಲ್ಲು ಸುಳ್ಳಾಗುತ್ತದೆ. ಬಿಲ್ಲು ನಿಜ ಅಂದರೆ ಶಾಲೆ ದೂರವಾಗುತ್ತದೆ. ಹತ್ತೊಂಬತ್ತು ಮಕ್ಕಳ ಬಗ್ಗೆ ಒಮ್ಮೆಯೂ ಯೋಚಿಸದಿದ್ದ ಸಾಹೇಬರು ಪೂರಾ ಒಂದು ನಿಮಿಷ ಯೋಚಿಸಿದರು.

“ಮೇಡಂ,” ಅಂದರು, “ರಸ್ತೆ ಆರು ಕಿಲೋಮೀಟರೇ ಇದೆ.”

ಮೇಡಮ್ಮು ಆದೇಶದ ಮೇಲೆ ಅಡ್ಡ ಗೆರೆ ಎಳೆದರು. ನಡುವೆ ಹಳ್ಳ ಇದ್ದರೆ ವಿಲೀನ ಮಾಡಬಾರದು ಅನ್ನುವ ನಿಯಮ ವಿಲೀನದ ಸುತ್ತೋಲೆಯ ಹಿಂಬದಿಯಲ್ಲೇ ಇತ್ತಂತೆ. ಖರ್ಚು ಉಳಿಸಲು ನಮಗೆ ಒಂದೇ ಬದಿಯ ಝೆರಾಕ್ಸ್ ಕಳಿಸಿದ್ದರು.

ಠಾಣೆಯ ರೈಲು ಸ್ಟೇಷನ್ನಿನಲ್ಲಿ ಕಸಾರಾ ಲೋಕಲ್‌ಗೆ ಕಾಯುತ್ತ ವಡಾಪಾವ್ ತಿಂದೆವು. ಗುರೂಜಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಮಾವಶಿ ಮಾತ್ರ ಏನೋ ಭಾರೀ ಚಿಂತೆಯಲ್ಲಿದ್ದಳು.

“ಏನಾತ? ಗೆದ್ದೇವಲ್ಲ?” ಅಂದೆ.

“ಅದಲ್ರಿ ಬಾಯಿ,” ಅಂದಳು, ಎದೆ ಮುಟ್ಟಿಕೊಂಡು. “ಈ ಸಾಹೇಬ್ರು ‘ಹೋಗ್ಲಿ ಬಿಡು, ಸಣ್ಣ ಬಿಲ್ಲು’ ಅನ್ನೂವಂಥ ದೊಡ್ಡ ಮನಸ್ಸಿನ ಮನಷ್ಯಾ ಆಗಿದ್ರ, ನಮ್ಮ ಶಾಲಿ ಗತಿ ಏನ್ರಿ?”